ಕಮ್ಯುನಿಟಿ ಕಾಲೇಜಿನಲ್ಲಿ ಗ್ಲೋಬಲ್ ಸ್ಟಡೀಸ್: ತೀರ್ಮಾನವಾಗುವುದು ಮೊದಲ ವರ್ಷದಲ್ಲೇ

ಮೂಡಿಗೆರೆಯ ಕಡೆಯ ಕಾಫಿ ಬೆಳೆಗಾರರ ಮನೆಯಿಂದ ಬಂದು, ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿ, ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿರುವ ಡಿ ಆಂಜಾ ಎಂಬ ಕಮ್ಯುನಿಟಿ ಕಾಲೇಜಿನಲ್ಲಿ ಈ ಸೆಪ್ಟೆಂಬರಿನಿಂದ ಓದಲಿರುವ ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಕಮ್ಯುನಿಟಿ ಕಾಲೇಜು ಎಂದರೆ ಎರಡನೆಯ ದರ್ಜೆಯದೇ, ಅಲ್ಲಿಂದ ಬರ್ಕ್ಲಿಯಂಥ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ನಿಜಕ್ಕೂ ಆಗುತ್ತದೆಯೇ, ಗ್ಲೋಬಲ್ ಸ್ಟಡೀಸ್ (ದೇಶದೇಶಗಳ ನಡುವಿನ ಅರ್ಥವ್ಯವಸ್ಥೆ, ರಾಜಕೀಯ, ಸಂಸ್ಕೃತಿಗಳ ಅಧ್ಯಯನ) ಓದಿದವರಿಗೆ ಮುಂದೇನು. ಬಹಳ ವರ್ಷಗಳಿಂದ ಇದೇ ಸಿಲಿಕಾನ್ ಕಣಿವೆಯಲ್ಲಿ ನೆಲೆಸಿ, ನಮ್ಮ ಮನೆಯ ಮಕ್ಕಳೂ ಪರಿಚಿತರ ಮಕ್ಕಳೂ ಈ ದಾರಿಯಲ್ಲಿ ಹೋದದ್ದನ್ನು ನೋಡಿದವಳಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಮೊದಲ ಪ್ರಶ್ನೆಗೆ ಹೆಚ್ಚು ಮಾತು ಬೇಡ. ಕ್ಯಾಲಿಫೋರ್ನಿಯಾ ರಾಜ್ಯವು 1960ರ ಉನ್ನತ ಶಿಕ್ಷಣ ಯೋಜನೆಯಲ್ಲಿಯೇ, ಪದವಿಯ ಮೊದಲೆರಡು ವರ್ಷಗಳನ್ನು ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಉಳಿದೆರಡನ್ನು ವಿಶ್ವವಿದ್ಯಾಲಯದಲ್ಲಿ ಮುಗಿಸುವ ಮಾರ್ಗವನ್ನು ಅಧಿಕೃತವಾಗಿ ರೂಪಿಸಿತು. ಇಂದು ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ, ಮತ್ತು ಕೊನೆಗೆ ಕೈಗೆ ಬರುವ ಪದವಿ ವಿಶ್ವವಿದ್ಯಾಲಯದ್ದೇ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಯಾರಾದರೂ ನಿಮ್ಮ ಕಾಲೇಜಿನ ಹೆಸರು ಕೇಳಿ ಮುಖ ಸಣ್ಣದು ಮಾಡಿಕೊಂಡರೆ ಬೇಸರಪಡಬೇಡಿ. ಅವರಲ್ಲಿ ಹೆಚ್ಚಿನವರು ಊರಿನಲ್ಲಿ ಬಿ.ಇ. ಮುಗಿಸಿ ನೇರವಾಗಿ ಎಂ.ಎಸ್.ಗೆ ಬಂದವರು, ಇಲ್ಲಿನ ಪದವಿ ಶಿಕ್ಷಣದ ಒಳಹೊರಗು ಅವರಿಗೆ ತಮ್ಮ ಮಕ್ಕಳು ಬೆಳೆದ ಮೇಲಷ್ಟೇ ತಿಳಿಯುತ್ತದೆ.

ಎರಡನೆಯ ಪ್ರಶ್ನೆಯೇ ಮುಖ್ಯ. ಎಲ್ಲರೂ ಇದನ್ನು ಎರಡು ವರ್ಷದ ಓದು ಎನ್ನುತ್ತಾರೆ, ಆದರೆ ನಿಮ್ಮ ಬಗ್ಗೆ ತೀರ್ಮಾನವಾಗುವುದು ಬಹುಪಾಲು ಮೊದಲ ವರ್ಷದ ಅಂಕಗಳ ಮೇಲೆ. ಡಿ ಆಂಜಾದಲ್ಲಿ ಸೆಮಿಸ್ಟರ್ ಇಲ್ಲ, ಕ್ವಾರ್ಟರ್ ಪದ್ಧತಿ. ಒಂದೊಂದು ಕ್ವಾರ್ಟರ್ ಸುಮಾರು 12 ವಾರ, ಪಾಠ ಶುರುವಾಯಿತು ಎನ್ನುವಷ್ಟರಲ್ಲಿ ಮೊದಲ ಪರೀಕ್ಷೆ ಬಂದಿರುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಟ್ರಾನ್ಸ್‌ಫರ್ ಅರ್ಜಿ ಹಾಕುವುದು ಎರಡನೆಯ ವರ್ಷದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ. ಅದಕ್ಕೂ ಮುಂಚೆ, ಸೆಪ್ಟೆಂಬರಿನಲ್ಲಿ, ಟ್ಯಾಗ್ ಎಂಬ ಪ್ರವೇಶ ಖಾತರಿಯ ಅರ್ಜಿ ಇರುತ್ತದೆ. ನಿಗದಿಪಡಿಸಿದ ಪಾಠಗಳನ್ನೂ ಅಂಕಗಳನ್ನೂ ಪೂರೈಸಿದವರಿಗೆ ಸೀಟು ಖಚಿತ ಎನ್ನುವ ಈ ಒಪ್ಪಂದ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಎಂಬ, ಈ ವಿಶ್ವವಿದ್ಯಾಲಯದ ಆರು ಆವರಣಗಳಲ್ಲಿ (ಕ್ಯಾಂಪಸ್‌ಗಳಲ್ಲಿ) ಉಂಟು. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯೇಗೋಗಳಲ್ಲಿ ಇಲ್ಲ. ಟ್ಯಾಗ್ ಕೋರಲು, ಅರ್ಜಿ ಹಾಕುವ ಹೊತ್ತಿಗೆ ವಿಶ್ವವಿದ್ಯಾಲಯ ಮಾನ್ಯ ಮಾಡುವ 45 ಕ್ವಾರ್ಟರ್ ಯೂನಿಟ್‌ಗಳು (ಪಾಠಗಳ ತೂಕ ಅಳೆಯುವ ಕ್ರೆಡಿಟ್‌ಗಳು) ಮುಗಿದಿರಬೇಕು. ನಿಮ್ಮ ಎಫ್-1 ಎಂಬ ವಿದ್ಯಾರ್ಥಿ ವೀಸಾದ ನಿಯಮ ಕೇಳುವುದು ಕ್ವಾರ್ಟರಿಗೆ ಕನಿಷ್ಠ 12 ಯೂನಿಟ್. ಅಷ್ಟನ್ನೇ ತೆಗೆದುಕೊಂಡು ಸಮಾಧಾನವಾಗಿದ್ದರೆ ಮೊದಲ ವರ್ಷದ ಮೂರು ಕ್ವಾರ್ಟರಿನಲ್ಲಿ 36 ಆಗುತ್ತದೆ, ಒಂಬತ್ತು ಕಡಿಮೆ. ಆದ್ದರಿಂದ 15 ಯೂನಿಟ್‌ಗಳಂತೆ ಓದಿ, ಇಲ್ಲವಾದರೆ ಬೇಸಿಗೆಯ ತರಗತಿಗಳನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಟ್ಯಾಗ್ ಒಂದೇ ಆವರಣಕ್ಕೆ ಹಾಕಬಹುದು, ಆದರೆ ಸಾಮಾನ್ಯ ಅರ್ಜಿಯನ್ನು ಬೇರೆ ಆವರಣಗಳಿಗೂ ಕಳುಹಿಸಬಹುದು. ನಾನಾದರೆ ಗ್ಲೋಬಲ್ ಸ್ಟಡೀಸ್‌ಗೆಂದೇ ಪ್ರತ್ಯೇಕ ವಿಭಾಗವಿರುವ ಸಾಂಟಾ ಬಾರ್ಬರಾಕ್ಕೆ ಟ್ಯಾಗ್ ಹಾಕಿಟ್ಟು, ಬರ್ಕ್ಲಿಯ ಆಸೆಯನ್ನು ಅದರ ಜೊತೆಗೆ ಇಟ್ಟುಕೊಳ್ಳುತ್ತಿದ್ದೆ.

ಗ್ಲೋಬಲ್ ಸ್ಟಡೀಸ್‌ಗೆ ಇನ್ನೊಂದು ತೊಡಕಿದೆ. ಗಣಕ ವಿಜ್ಞಾನದಂತೆ ಇದಕ್ಕೆ ಎಲ್ಲೆಡೆ ಸರಿಸುಮಾರು ಒಂದೇ ಪಾಠಪಟ್ಟಿ ಇಲ್ಲ. ಅರ್ಥಶಾಸ್ತ್ರದ ಎರಡು ಪ್ರಾರಂಭಿಕ ಪಾಠಗಳು, ವಿಶ್ವ ಇತಿಹಾಸ, ಸಾಂಸ್ಕೃತಿಕ ಮಾನವಶಾಸ್ತ್ರ, ಭೂಗೋಳ, ತೌಲನಿಕ ರಾಜಕೀಯ ಇವುಗಳಲ್ಲಿ ಯಾವುವು ಕಡ್ಡಾಯ ಎಂಬುದು ಆವರಣದಿಂದ ಆವರಣಕ್ಕೆ ಬೇರೆಯಾಗುತ್ತದೆ. ಅಸಿಸ್ಟ್ ಡಾಟ್ ಆರ್ಗ್ ಎಂಬ ರಾಜ್ಯದ ಅಧಿಕೃತ ಜಾಲತಾಣದಲ್ಲಿ ನಿಮ್ಮ ಕಾಲೇಜಿನ ಯಾವ ಪಾಠ ಯಾವ ವಿಶ್ವವಿದ್ಯಾಲಯದ ಯಾವ ಪಾಠಕ್ಕೆ ಸಮ ಎಂಬುದು ಸಾಲು ಸಾಲಾಗಿ ಇದೆ. ಹೋಗಬೇಕೆಂದಿರುವ ಮೂರು ಆವರಣಗಳ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಮೂರಕ್ಕೂ ಸಲ್ಲುವ ಪಾಠಗಳನ್ನು ಮೊದಲು ತೆಗೆದುಕೊಳ್ಳಿ. ಮಕ್ಕಳು ಸಾಮಾನ್ಯವಾಗಿ ಮುಂದಕ್ಕೆ ದೂಡುವುದು ವಿದೇಶಿ ಭಾಷೆಯನ್ನು. ಈ ವಿಷಯದಲ್ಲಿ ಭಾಷೆಗೆ ಎಷ್ಟೋ ಕಡೆ ಎರಡು ವರ್ಷದ ಮಟ್ಟದ ಓದನ್ನು ನಿರೀಕ್ಷಿಸುತ್ತಾರೆ, ಒಂದು ಹಂತ ಮುಗಿಯದೆ ಮುಂದಿನದಕ್ಕೆ ಬಿಡುವುದಿಲ್ಲ, ಹೀಗಾಗಿ ತಡವಾಗಿ ಶುರು ಮಾಡಿದವರಿಗೆ ಅವಸರ ಮಾಡಲು ಅವಕಾಶವೇ ಇರುವುದಿಲ್ಲ. ನಿಮ್ಮ ಕನ್ನಡ ಮಾಧ್ಯಮದ ಶಾಲಾ ದಾಖಲೆಗಳನ್ನು ಊರಿನಿಂದ ತರಿಸಿಕೊಂಡು ಕಾಲೇಜಿನ ಕೌನ್ಸೆಲರ್‌ಗೆ (ಪಾಠಗಳ ಆಯ್ಕೆಗೆ ಸಲಹೆ ಕೊಡುವವರಿಗೆ) ತೋರಿಸಿ, ಇಂಗ್ಲಿಷೇತರ ಮಾಧ್ಯಮದಲ್ಲಿ ಓದಿದ್ದಕ್ಕೆ ಯಾವ ವಿನಾಯಿತಿ ಸಿಗುತ್ತದೆಂದು ಖಂಡಿತ ಕೇಳಿ. ಸಿಕ್ಕರೂ ಸ್ಪ್ಯಾನಿಷ್ ಕಲಿಯಿರಿ. ಈ ರಾಜ್ಯದಲ್ಲಿ ಅದು ಅಂಗಡಿ, ಆಸ್ಪತ್ರೆ, ಶಾಲೆ ಎಲ್ಲ ಕಡೆಯೂ ಕಿವಿಗೆ ಬೀಳುವ ಭಾಷೆ.

ತರಗತಿಯ ಬಗ್ಗೆಯೂ ಒಂದು ಮಾತು. ಇಲ್ಲಿ ಕೇವಲ ಬಾಯಿಪಾಠದಿಂದ ಅಂಕ ಬರುವುದಿಲ್ಲ, ಪ್ರಬಂಧಗಳಲ್ಲಿ ನಿಮ್ಮದೇ ವಾದ ಬೇಕು, ಆಕರವನ್ನು ಹೇಳದೆ ಒಂದು ವಾಕ್ಯ ಎತ್ತಿದರೂ ಅದು ಕೃತಿಚೌರ್ಯ. ಆದರೆ ವಿಷಯಕ್ಕಾಗಿ ನೀವು ಬಹಳ ಹುಡುಕಬೇಕಾಗಿಲ್ಲ. ನಿಮ್ಮ ತೋಟದ ರೊಬಸ್ಟಾಕ್ಕೆ ಲಂಡನ್ ಪೇಟೆಯ, ಅರೇಬಿಕಾಕ್ಕೆ ನ್ಯೂಯಾರ್ಕ್ ಪೇಟೆಯ ವಾಯಿದೆ ದರವೇ ಅಳತೆ. ಬ್ರೆಜಿಲಿನ ತೋಟಗಳಲ್ಲಿ ಚಳಿಗೆ ಇಬ್ಬನಿ ಹೆಪ್ಪುಗಟ್ಟಿದರೆ ಮೂಡಿಗೆರೆಯಲ್ಲಿ ಚೀಲದ ಬೆಲೆ ಏಕೆ ಏರುತ್ತದೆ ಎಂಬುದನ್ನು ಮನೆಯ ಲೆಕ್ಕಪುಸ್ತಕ ಇಟ್ಟುಕೊಂಡು ಬರೆಯಬಲ್ಲ ವಿದ್ಯಾರ್ಥಿ ಆ ತರಗತಿಯಲ್ಲಿ ಬಹುಶಃ ನೀವೊಬ್ಬರೇ ಇರುತ್ತೀರಿ. ಅಧ್ಯಾಪಕರು ಭೇಟಿಗೆಂದು ನಿಗದಿ ಮಾಡಿದ ಹೊತ್ತಿನಲ್ಲಿ ಸಂಕೋಚವಿಲ್ಲದೆ ಹೋಗಿ ಮಾತನಾಡಿ.

ಹಣದ ಮಾತನ್ನು ನಿಮ್ಮ ತಂದೆಯವರಿಗೂ ಓದಿ ಹೇಳಿ. ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್ ಎಂದು ಎಲ್ಲರೂ ಹೇಳುವುದು ನಿಜ, ಆದರೆ ಎಫ್-1 ವಿದ್ಯಾರ್ಥಿಗೆ ಅದು ಅನ್ವಯಿಸುವುದಿಲ್ಲ. ನೀವು ಕೊಡುವುದು ಅದರ ಹಲವು ಪಟ್ಟು. ಆದರೂ ಮೊದಲೆರಡು ವರ್ಷ ಅಗ್ಗವೇ. ಬಿಗಿಯಾಗುವುದು ಆಮೇಲೆ: ವಿಶ್ವವಿದ್ಯಾಲಯದಲ್ಲಿ ಹೊರರಾಜ್ಯ, ಹೊರದೇಶದವರು ಮೂಲ ಶುಲ್ಕದ ಮೇಲೆ ಹೆಚ್ಚುವರಿಯಾಗಿ ತೆರಬೇಕಾದ ಮೊತ್ತವೇ ವರ್ಷಕ್ಕೆ 30,000 ಡಾಲರ್ ದಾಟುತ್ತದೆ, ಅದಕ್ಕೆ ಬಾಡಿಗೆ, ಊಟ ಬೇರೆ. ಕಾಲೇಜಿನೊಳಗೆ ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ಅದರಿಂದ ಕೈಖರ್ಚು ನಡೆಯುತ್ತದೆ, ಶುಲ್ಕ ನಡೆಯುವುದಿಲ್ಲ. ಹೊರಗೆ, ಪರಿಚಯದವರ ಹೋಟೆಲಿನಲ್ಲೇ ಆದರೂ, ಅನುಮತಿಯಿಲ್ಲದೆ ಒಂದು ದಿನವೂ ದುಡಿಯಬೇಡಿ.

ಇನ್ನು ಮೂರನೆಯದು. ಪದವಿಯ ನಂತರ ಓಪಿಟಿ ಎಂಬ ಕೆಲಸದ ಅನುಮತಿ 12 ತಿಂಗಳಿಗೆ ಸಿಗುತ್ತದೆ. ವಿಜ್ಞಾನ, ತಂತ್ರಜ್ಞಾನದ ಪದವೀಧರರಿಗೆ ಅದರ ಮೇಲೆ ದೊರೆಯುವ 24 ತಿಂಗಳ ವಿಸ್ತರಣೆ ಗ್ಲೋಬಲ್ ಸ್ಟಡೀಸ್‌ನವರಿಗೆ ಸಾಮಾನ್ಯವಾಗಿ ಇಲ್ಲ. ಆ ಒಂದು ವರ್ಷದಲ್ಲಿ ಉದ್ಯೋಗದಾತರು ಎಚ್-1ಬಿ ಎಂಬ ಉದ್ಯೋಗ ವೀಸಾದ ಲಾಟರಿಗೆ ಹೆಸರು ಹಾಕಿ, ಅದು ಬಂದರೆ ಉಂಟು. ಇಲ್ಲಿಯೇ ನೆಲೆಸುವುದೊಂದೇ ಗುರಿಯಾಗಿದ್ದರೆ ಈ ವಿಷಯ ಅದಕ್ಕೆ ಹತ್ತಿರದ ದಾರಿಯಲ್ಲ ಎಂದು ನೇರವಾಗಿ ಹೇಳುತ್ತೇನೆ. ಮುಂದೆ ಕಾನೂನು, ಸಾರ್ವಜನಿಕ ಆರೋಗ್ಯ, ಅಂತರರಾಷ್ಟ್ರೀಯ ವ್ಯಾಪಾರದಂಥ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮಾಡುವ, ಅಥವಾ ಊರಿಗೆ ಮರಳಿ ಕಾಫಿ ರಫ್ತಿನಲ್ಲಿ ಕೈಹಾಕುವ ಯೋಚನೆ ಇದ್ದರೆ ಇದು ಒಳ್ಳೆಯ ಬುನಾದಿ. ಸಂಖ್ಯಾಶಾಸ್ತ್ರದ ಒಂದೆರಡು ಪಾಠಗಳನ್ನು ಜೊತೆಗೆ ಸೇರಿಸಿಕೊಂಡರೆ ಎರಡೂ ಕಡೆ ಉಪಯೋಗಕ್ಕೆ ಬರುತ್ತದೆ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕೌನ್ಸೆಲರ್ ಭೇಟಿಯನ್ನು ಪಾಠಗಳು ಶುರುವಾಗುವ ಮುನ್ನವೇ ಗೊತ್ತುಮಾಡಿಕೊಳ್ಳಿ, ಏಕೆಂದರೆ ಆಮೇಲೆ ಆ ಸಾಲು ಬಹಳ ಉದ್ದವಾಗುತ್ತದೆ.