ಗೌರಿ ಹುಣ್ಣಿಮೆಯ ಚಂದ್ರ ನಿಜಕ್ಕೂ ದೊಡ್ಡವನಿದ್ದ

ಗದಗ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರ ಇದು. ಸ್ವಲ್ಪ ಚಿಕ್ಕದು ಮಾಡಿ ಕೊಡುತ್ತಿದ್ದೇನೆ.

"2025ರ ನವೆಂಬರ್ 5, ಗೌರಿ ಹುಣ್ಣಿಮೆ. ಮೊಮ್ಮಕ್ಕಳು ಸಕ್ಕರೆ ಆರತಿ ಹಿಡಿದುಕೊಂಡು ಗುಡಿಗೆ ಹೊರಟಿದ್ದರು, ಹಿಂದೆ ನಾನು. ಓಣಿ ತಿರುಗಿದರೆ ಎದುರಿಗೇ ಚಂದ್ರ. ಅಷ್ಟು ದೊಡ್ಡ ಚಂದ್ರನನ್ನು ನನ್ನ ಅರವತ್ತಾರು ವರ್ಷದಲ್ಲಿ ನೋಡಿರಲಿಲ್ಲ. ಎಲ್ಲರೂ ನಿಂತೇಬಿಟ್ಟೆವು. ಮನೆಗೆ ಬಂದು ಹೇಳಿದರೆ ಮಗ, 'ಅಮ್ಮಾ, ಅದು ಕಣ್ಣಿನ ಭ್ರಮೆ, ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗೋದೇ ಇಲ್ಲ' ಎಂದ. ಅವನು ಮೊಬೈಲಿನಲ್ಲಿ ತೆಗೆದ ಫೋಟೊದಲ್ಲೂ ಚಂದ್ರ ಸಾಬೂದಾಣಿ ಕಾಳಿನಷ್ಟೇ ಇದ್ದ. ಹಾಗಾದರೆ ನಾನು ನೋಡಿದ್ದು ಸುಳ್ಳಾ? ಈ ಸೂಪರ್‌ಮೂನ್ ಅನ್ನೋದು ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲವಾ? ಮತ್ತೆ ಯಾವಾಗ ಬರುತ್ತದೆ?"

ಅಮ್ಮಾ, ನೀವು ನೋಡಿದ್ದು ನಿಜ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮಗ ಹೇಳಿದ್ದರಲ್ಲೂ ಸತ್ಯ ಇದೆ, ಆದರೆ ಅರ್ಧ ಮಾತ್ರ. ಪತ್ರ ಬಂದು ಬಹಳ ದಿನವಾಯ್ತು, ತಡವಾಗಿದ್ದಕ್ಕೆ ಕ್ಷಮೆ ಇರಲಿ. ಸುಮ್ನೆ ಎರಡು ಸಾಲಿನಲ್ಲಿ ಉತ್ತರಿಸುವ ಮನಸ್ಸಾಗಲಿಲ್ಲ.

ಚಂದ್ರ ನಮ್ಮ ಸುತ್ತ ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ, ಸ್ವಲ್ಪ ಮೊಟ್ಟೆಯಾಕಾರ. ಹಾಗಾಗಿ ತಿಂಗಳಿಗೊಮ್ಮೆ ನಮ್ಮ ಹತ್ತಿರ ಬರುತ್ತಾನೆ, ತಿಂಗಳಿಗೊಮ್ಮೆ ದೂರ ಹೋಗುತ್ತಾನೆ. ಸರಾಸರಿ ದೂರ 3,84,400 ಕಿ.ಮೀ. ತೀರಾ ದೂರ ಹೋದಾಗ 4 ಲಕ್ಷದ 6 ಸಾವಿರ ದಾಟುತ್ತದೆ, ತೀರಾ ಹತ್ತಿರ ಬಂದಾಗ 3 ಲಕ್ಷದ 56 ಸಾವಿರ ಚಿಲ್ಲರೆಗೆ ಇಳಿಯುತ್ತದೆ. ಹತ್ತಿರ ಬರುವ ದಿನ ಹುಣ್ಣಿಮೆಯೇ ಆಗಿರಬೇಕು ಅಂತೇನಿಲ್ಲ, ಅಷ್ಟಮಿಯಾಗಬಹುದು, ಅಮಾವಾಸ್ಯೆಯಾಗಬಹುದು, ಆಗ ಯಾರಿಗೂ ಗೊತ್ತೇ ಆಗುವುದಿಲ್ಲ. ಎರಡೂ ಕೂಡಿ ಬಂದರೆ ನೀವು ಕಂಡ ಚಂದ್ರ. ಆ ದಿನ ಸಂಜೆ 6 ಗಂಟೆ 49 ನಿಮಿಷಕ್ಕೆ ಹುಣ್ಣಿಮೆ ಪೂರ್ತಿಯಾಯ್ತು. ಚಂದ್ರ ಆಗ ಸುಮಾರು 3,57,000 ಕಿ.ಮೀ. ದೂರದಲ್ಲಿದ್ದ, ಬೆಳಗಿನ ಜಾವದ ಹೊತ್ತಿಗೆ ಆ ಸುತ್ತಿನ ಅತಿ ಹತ್ತಿರದ ಜಾಗ ಮುಟ್ಟಿದ. 2025ರ ಎಲ್ಲ ಹುಣ್ಣಿಮೆಗಳಲ್ಲಿ ಅದೇ ಹತ್ತಿರದ್ದು. ಅಂದರೆ ಮಕ್ಕಳು ಆರತಿ ತಟ್ಟೆ ಹಿಡಿದು ಹೊರಟ ಗಳಿಗೆಗೂ ಚಂದ್ರ ತುಂಬಿದ ಗಳಿಗೆಗೂ ಹೆಚ್ಚು ಅಂತರವೇ ಇರಲಿಲ್ಲ. ಇಷ್ಟು ಚೆನ್ನಾಗಿ ಹೊತ್ತು ಕೂಡಿಬರುವುದು ಅಪರೂಪ.

ಎಷ್ಟು ದೊಡ್ಡವನಿದ್ದ? ಸಾಮಾನ್ಯ ಹುಣ್ಣಿಮೆಗಿಂತ ಅಗಲದಲ್ಲಿ ಶೇ 7-8ರಷ್ಟು ಜಾಸ್ತಿ, ಬೆಳಕಿನಲ್ಲಿ ಸುಮಾರು ಶೇ 16. ವರ್ಷದ ಅತಿ ಚಿಕ್ಕ ಹುಣ್ಣಿಮೆಗೆ ಹೋಲಿಸಿದರೆ ಅಗಲ ಶೇ 14ರವರೆಗೆ ಜಾಸ್ತಿ, ಬೆಳಕು ಶೇ 30ರವರೆಗೆ. ಈಗ ಚಲಾವಣೆಯಲ್ಲಿರುವ ಹೊಸ ನಾಣ್ಯಗಳಲ್ಲಿ ಒಂದು ರೂಪಾಯಿಯದು, ಎರಡು ರೂಪಾಯಿಯದು ತೆಗೆದು ಅಕ್ಕಪಕ್ಕ ಇಡಿ. ಒಂದರ ಅಗಲ 20 ಮಿ.ಮೀ., ಇನ್ನೊಂದರದು 23. ಚಿಕ್ಕ ಹುಣ್ಣಿಮೆಗೂ ದೊಡ್ಡ ಹುಣ್ಣಿಮೆಗೂ ಹೆಚ್ಚುಕಡಿಮೆ ಇಷ್ಟೇ ಅಂತರ. ಪಕ್ಕದಲ್ಲಿಟ್ಟರೆ ಎದ್ದು ಕಾಣುತ್ತದೆ. ಒಂದನ್ನು ಇವತ್ತು ತೋರಿಸಿ ಇನ್ನೊಂದನ್ನು ಆರು ತಿಂಗಳ ಮೇಲೆ ತೋರಿಸಿದರೆ ಯಾರು ಹೇಳಬಲ್ಲರು? ನಿಮ್ಮ ಮಗ ಓದಿದ್ದು ಇದನ್ನೇ. ಆಕಾಶದಲ್ಲಿ ಎರಡು ಚಂದ್ರರನ್ನು ಅಕ್ಕಪಕ್ಕ ಇಡಲು ಆಗುವುದಿಲ್ಲವಲ್ಲ.

ಆದರೆ ನೀವು ನೋಡಿದ್ದು ಮೂಡುತ್ತಿದ್ದ ಚಂದ್ರನನ್ನು. ಅಲ್ಲಿ ಇನ್ನೊಂದು ಸಂಗತಿ ಕೂಡಿಕೊಳ್ಳುತ್ತದೆ. ನೆಲದ ಅಂಚಿಗೆ, ಮನೆ, ಗಿಡ, ಗುಡಿಯ ಶಿಖರದ ಪಕ್ಕ ಕಂಡ ಚಂದ್ರ ಯಾವಾಗಲೂ ದೊಡ್ಡದಾಗಿ ಕಾಣುತ್ತಾನೆ, ನೆತ್ತಿಗೆ ಬಂದಾಗ ಚಿಕ್ಕವನಾಗುತ್ತಾನೆ. ಅಳೆದರೆ ಎರಡೂ ಹೊತ್ತು ಹೆಚ್ಚುಕಡಿಮೆ ಅಷ್ಟೇ ಇರುತ್ತಾನೆ. ನಿಜ ಹೇಳಬೇಕೆಂದರೆ ಮೂಡುವಾಗ ಒಂದು ಗುಂಜಿ ಚಿಕ್ಕವನೇ, ಏಕೆಂದರೆ ನೆತ್ತಿಯ ಮೇಲಿರುವ ಚಂದ್ರನಿಗಿಂತ ಅಂಚಿನಲ್ಲಿರುವವನು ಭೂಮಿಯ ಅರ್ಧ ಅಗಲದಷ್ಟು, ಅಂದರೆ ಸುಮಾರು 6,400 ಕಿ.ಮೀ.ವರೆಗೂ ನಮ್ಮಿಂದ ಹೆಚ್ಚು ದೂರ. ಆದರೂ ಮನಸ್ಸು ದೊಡ್ಡದು ಮಾಡಿ ತೋರಿಸುತ್ತದೆ. ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಜನ ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ, ಎಲ್ಲರೂ ಒಪ್ಪಿದ ಒಂದೇ ಉತ್ತರ ಇನ್ನೂ ಇಲ್ಲ. ದೂರದ ಮನೆ ಮರಗಳ ಆಚೆ ಕಾಣುವ ವಸ್ತು ಬಹಳ ದೂರದ್ದು, ಆದರೂ ಇಷ್ಟು ಕಾಣುತ್ತಿದೆ ಎಂದರೆ ದೊಡ್ಡದೇ ಇರಬೇಕು ಎಂದು ಮನಸ್ಸು ಲೆಕ್ಕ ಹಾಕುತ್ತದೆ ಅನ್ನುವುದು ಒಂದು ವಿವರಣೆ. ನನಗೆ ಅದು ಒಪ್ಪಿಗೆಯಾಗುತ್ತದೆ, ಏಕೆಂದರೆ ಓಣಿಯ ಕೊನೆಯಲ್ಲಿ ಕಂಡ ಚಂದ್ರನಷ್ಟು ದೊಡ್ಡ ಚಂದ್ರ ಬೋಳು ಬಯಲಿನಲ್ಲಿ ನನಗೆ ಕಂಡಿಲ್ಲ.

ಮೊಮ್ಮಕ್ಕಳ ಜೊತೆ ಇದನ್ನು ಪರೀಕ್ಷೆ ಮಾಡಿ, ಅವರಿಗೆ ಖುಷಿಯಾಗುತ್ತದೆ. ಕೈ ಪೂರ್ತಿ ಚಾಚಿ ಕಿರುಬೆರಳು ಅಡ್ಡ ಹಿಡಿಯಿರಿ. ಎಂಥಾ ದೊಡ್ಡ ಚಂದ್ರನಾದರೂ ಆ ಬೆರಳ ಹಿಂದೆ ಅಡಗುತ್ತಾನೆ! ಹಾಳೆ ಸುರುಳಿ ಸುತ್ತಿ ಅದರೊಳಗಿಂದ ನೋಡಿದರೆ ಸುತ್ತಲಿನದೆಲ್ಲ ಮರೆಯಾಗಿ ಚಂದ್ರ ಥಟ್ಟನೆ ಕುಗ್ಗುತ್ತಾನೆ. ಮಕ್ಕಳು ಬಗ್ಗಿ ಕಾಲ ಸಂದಿಯಿಂದ ನೋಡಿದರೂ ಚಿಕ್ಕವನಾಗಿ ಕಾಣುತ್ತಾನೆ. ಸುರುಳಿ ತೆಗೆದು, ನೆಟ್ಟಗೆ ನಿಂತು ನೋಡಿ, ಮತ್ತೆ ದೊಡ್ಡವನು. ಗೊತ್ತಿದ್ದೂ ದೊಡ್ಡವನೇ. ಇದನ್ನು ಭ್ರಮೆ ಅಂದ ಮಾತ್ರಕ್ಕೆ ತಿಪ್ಪೆಗೆ ಹಾಕಬೇಕಾ? ಕಾಮನಬಿಲ್ಲನ್ನು ಕೈಯಲ್ಲಿ ಹಿಡಿಯಲು ಆಗುವುದಿಲ್ಲ ಎಂದು ಯಾರೂ ನೋಡುವುದು ಬಿಡುವುದಿಲ್ಲ. ನಿಮ್ಮ ಸಂಜೆಯಲ್ಲಿ ನಿಜವಾದ ಹಿರಿತನವೂ ಇತ್ತು, ಮನಸ್ಸು ಕೊಟ್ಟ ಹಿರಿತನವೂ ಇತ್ತು.

ಇನ್ನು ಫೋಟೊ. ಮೊಬೈಲಿನ ಲೆನ್ಸ್ ಇಡೀ ಓಣಿಯನ್ನು ಹಿಡಿಯಲು ಮಾಡಿದ್ದು, ಅದರಲ್ಲಿ ಚಂದ್ರ ಕಾಳಿನಷ್ಟೇ ಬರುತ್ತಾನೆ. ಜೊತೆಗೆ ಕತ್ತಲೆ ಎಂದುಕೊಂಡು ಮೊಬೈಲ್ ಬೆಳಕು ಹೆಚ್ಚಿಸುತ್ತದೆ, ಚಂದ್ರ ಬಿಳಿ ಚುಕ್ಕೆಯಾಗುತ್ತಾನೆ. ಅವನ ಮೇಲೆ ಬೀಳುತ್ತಿರುವುದು ಹಗಲ ಬಿಸಿಲೇ ಅಲ್ವಾ? ಚಂದ್ರನ ಮೇಲೆ ಬೆರಳಿಟ್ಟು ಬೆಳಕು ಕಡಿಮೆ ಮಾಡಿದರೆ ಕಲೆಗಳಾದರೂ ಕಾಣುತ್ತವೆ. ನನ್ನ ಕೇಳಿದರೆ ಆ ಹೊತ್ತಿನಲ್ಲಿ ಫೋಟೊ ಬೇಡ. ಮೊದಲ ಹತ್ತು ನಿಮಿಷ ಕೆಂಪು ಕಿತ್ತಳೆ ಬಣ್ಣ, ಆಮೇಲೆ ಹಳದಿ, ಆಮೇಲೆ ಬೆಳ್ಳಿ. ಅದು ಕಣ್ಣೆದುರೇ ಬದಲಾಗುತ್ತಿರುತ್ತದೆ, ತಲೆ ತಗ್ಗಿಸಿದರೆ ಹೋಯ್ತು.

ಹಿರಿಯರ ಪ್ರಶ್ನೆಗೆ ಬರುತ್ತೇನೆ. ಸೂಪರ್‌ಮೂನ್ ಎಂಬ ಹೆಸರು ಹೊಸದು. 1979ರಲ್ಲಿ ರಿಚರ್ಡ್ ನೋಲ್ ಎಂಬ ಅಮೆರಿಕದ ಜ್ಯೋತಿಷಿ ಇಟ್ಟಿದ್ದು, ಖಗೋಳ ವಿಜ್ಞಾನಿಗಳ ಮಾತಲ್ಲ. ಆದರೆ ಚಂದ್ರ ಹತ್ತಿರ ಬರುತ್ತಾನೆ, ದೂರ ಹೋಗುತ್ತಾನೆ ಅನ್ನುವುದು ನಮ್ಮವರಿಗೆ ಚೆನ್ನಾಗಿ ಗೊತ್ತಿತ್ತು. ದೂರದ ತುದಿಯನ್ನು ಉಚ್ಚ ಎಂದರು. ಆ ತುದಿಯೂ ಒಂದೇ ಕಡೆ ನಿಲ್ಲದೆ ಆಕಾಶದಲ್ಲಿ ನಿಧಾನವಾಗಿ ಸುತ್ತುತ್ತದೆ. ಆರ್ಯಭಟ 499ರ ಹೊತ್ತಿಗೇ ಅದರ ಲೆಕ್ಕ ಕೊಟ್ಟಿದ್ದಾರೆ: 43 ಲಕ್ಷದ 20 ಸಾವಿರ ವರ್ಷಗಳ ಒಂದು ಯುಗದಲ್ಲಿ 4,88,219 ಸುತ್ತು. ಭಾಗಿಸಿ ನೋಡಿ, ಒಂದು ಸುತ್ತಿಗೆ 8.85 ವರ್ಷ ಬರುತ್ತದೆ. ಇವತ್ತಿನ ಲೆಕ್ಕವೂ ಅದೇ. ದೂರದರ್ಶಕ ಇಲ್ಲದ ಕಾಲದಲ್ಲಿ, ಬರೀ ಕಣ್ಣಿನಿಂದ, ಎಷ್ಟು ತಲೆಮಾರು ಕೂತು ನೋಡಿರಬೇಕು! ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಅದೂ ಅಲ್ಲದೆ ನಮ್ಮವರು ಪ್ರತಿ ಹುಣ್ಣಿಮೆಗೂ ಹೆಸರಿಟ್ಟರು. ದವನದ್ದು, ಆಗಿಯದ್ದು, ಕಾರದ್ದು, ಕಡ್ಲೆಗಡುಬಿನದ್ದು, ನೂಲಿನದ್ದು, ಸೀಗಿಯದ್ದು, ಗೌರಿಯದ್ದು. ಚಂದ್ರ ಹತ್ತಿರ ಇದ್ದಾನೋ ದೂರ ಇದ್ದಾನೋ ಕೇಳದೆ ಹನ್ನೆರಡು ಸಲವೂ ಹೊರಗೆ ಬಂದರು. ನಾನು ಚಿಕ್ಕವನಿದ್ದಾಗ ಅಂಗಳದಲ್ಲಿ ಬೆಳದಿಂಗಳೂಟ ಇರುತ್ತಿತ್ತು. ಅಜ್ಜಿ ದೊಡ್ಡ ಪಾತ್ರೆಯಲ್ಲಿ ಕಲಸಿದ ಅನ್ನ ಸುತ್ತ ಕೂತವರಿಗೆ ಕೈತುತ್ತು ಹಾಕುತ್ತಿದ್ದಳು. ಬೆಳಕಿಗೆ ಅನ್ನ ಕಾಣುತ್ತಿತ್ತು, ಅದರೊಳಗಿನ ಮೆಣಸಿನಕಾಯಿ ಕಾಣುತ್ತಿರಲಿಲ್ಲ. ಬೆಳದಿಂಗಳಲ್ಲಿ ಕಣ್ಣಿಗೆ ಬಣ್ಣ ಅಷ್ಟಾಗಿ ಹತ್ತುವುದಿಲ್ಲ, ಹಸಿರು ಕೆಂಪು ಎಲ್ಲ ಒಂದೇ ಬೂದು ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಈಗ ನನ್ನ ಬೆಂಗಳೂರಿನ ಮನೆಯಲ್ಲಿ ಚಂದ್ರ ಎರಡು ಅಪಾರ್ಟ್‌ಮೆಂಟುಗಳ ನಡುವೆ ಅರ್ಧ ಗಂಟೆ ಸಿಗುತ್ತಾನೆ. ಕರೆಂಟು ಹೋದರೆ ಇನ್ನೂ ಚೆನ್ನ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಆಮೇಲೆ ನೋಡಬೇಕು ಟೆರೇಸಿನ ಮೇಲಿನ ಬೆಳಕು.

ಅರವತ್ತಾರು ವರ್ಷದಲ್ಲಿ ಕಂಡಿರಲಿಲ್ಲ ಅಂದಿರಿ. ಇದಕ್ಕಿಂತ ತುಸು ಹತ್ತಿರದ ಚಂದ್ರ 2016ರ ನವೆಂಬರ್ 14ರಂದು ಬಂದಿದ್ದ, 3,56,509 ಕಿ.ಮೀ. 1948ರ ಜನವರಿಯಿಂದ ಆವರೆಗೆ ಅಷ್ಟು ಹತ್ತಿರದ ಹುಣ್ಣಿಮೆ ಇರಲಿಲ್ಲ. ಅದೂ ಗೌರಿ ಹುಣ್ಣಿಮೆಯೇ! ಆದರೆ ನೋಟು ರದ್ದಾಗಿ ಒಂದು ವಾರವೂ ಆಗಿರಲಿಲ್ಲ, ಜನ ಬ್ಯಾಂಕಿನ ಸಾಲಿನಲ್ಲಿ ನಿಂತು ಸುಸ್ತಾಗಿದ್ದ ದಿನಗಳು. ಯಾರಿಗೆ ತಲೆ ಎತ್ತಿ ನೋಡುವ ಪುರುಸೊತ್ತಿತ್ತು? ಅದನ್ನೂ ಮೀರಿಸುವ ಚಂದ್ರ 2034ರ ನವೆಂಬರ್ 25ಕ್ಕೆ ಬರುತ್ತಾನೆ, ಮತ್ತೆ ಗೌರಿ ಹುಣ್ಣಿಮೆಗೆ. ಆ ಹೊತ್ತಿಗೆ ನಿಮ್ಮ ಮೊಮ್ಮಕ್ಕಳು ಎಷ್ಟು ದೊಡ್ಡವರಾಗಿರುತ್ತಾರೋ!

ಅಷ್ಟು ದಿನ ಕಾಯಬೇಕಿಲ್ಲ. ಸುಮಾರು 14 ಹುಣ್ಣಿಮೆಗೊಮ್ಮೆ ಹತ್ತಿರದ ತುದಿಯೂ ಹುಣ್ಣಿಮೆಯೂ ಮತ್ತೆ ಕೂಡುತ್ತವೆ. ಮುಂದಿನ ದೊಡ್ಡದು 2026ರ ಡಿಸೆಂಬರ್ 24, ಹೊಸ್ತಿಲ ಹುಣ್ಣಿಮೆಯ ಹೊತ್ತು. ಆ ಸಲ ಪೂರ್ತಿ ತುಂಬುವುದು ಬೆಳಿಗ್ಗೆ ಏಳರ ಸುಮಾರಿಗೆ, ಹಾಗಾಗಿ ಎರಡು ಸಂಜೆ ಸಿಗುತ್ತವೆ. 23ರಂದು ಸೂರ್ಯ ಮುಳುಗುವ ಮೊದಲೇ ಮೂಡುತ್ತಾನೆ, ಇನ್ನೂ ಬೆಳಕಿರುವ ಆಕಾಶದಲ್ಲಿ ಮಂಕಾಗಿ ಕಾಣುತ್ತಾನೆ. 24ರಂದು ಮುಳುಗಿದ ಸ್ವಲ್ಪ ಹೊತ್ತಿಗೆ, ಕತ್ತಲಾಗುವಾಗ ಮೂಡುತ್ತಾನೆ. ಬಣ್ಣ ಬೇಕಾದರೆ ಆ ಸಂಜೆಯನ್ನೇ ಹಿಡಿಯಿರಿ. ಒಂದು ಮಾತು ನೆನಪಿಡಿ, ಅದೇ ಓಣಿಯ ಅದೇ ತಿರುವಿನಲ್ಲಿ ನಿಂತರೆ ಸಿಗಲಿಕ್ಕಿಲ್ಲ. ಡಿಸೆಂಬರಿನ ಹುಣ್ಣಿಮೆ ಚಂದ್ರ ನವೆಂಬರಿನವನಿಗಿಂತ ಇನ್ನಷ್ಟು ಎಡಕ್ಕೆ, ಈಶಾನ್ಯದ ಕಡೆ ಸರಿದು ಮೂಡುತ್ತಾನೆ. ಹಿಂದಿನ ಹುಣ್ಣಿಮೆಗೇ ಮಾಳಿಗೆ ಹತ್ತಿ ಜಾಗ ನೋಡಿಟ್ಟುಕೊಳ್ಳಿ. ಮಗನನ್ನೂ ಕರೆದುಕೊಂಡು ಹೋಗಿ.