ಒಂದೇ ಊಟ, ನನಗೆ ಮಾತ್ರ ಯಾಕೆ ಕೊಲೆಸ್ಟ್ರಾಲ್?

ಪ್ರಶ್ನೆ: ನಾನು, ನನ್ನ ಅಕ್ಕ ಒಂದೇ ಮನೆಯಲ್ಲಿದ್ದೇವೆ, ಒಂದೇ ಅಡುಗೆ ತಿನ್ನುತ್ತೇವೆ. ಬೆಣ್ಣೆ, ಕರಿದದ್ದು ಅವಳಿಗೇ ಜಾಸ್ತಿ ಇಷ್ಟ. ಆದರೆ ಅವಳ ರಿಪೋರ್ಟ್ ನಾರ್ಮಲ್, ನನ್ನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 164. ಕದ್ದು ತಿನ್ನುತ್ತೀಯಾ ಅಂತ ಮನೆಯಲ್ಲಿ ಕೇಳುತ್ತಾರೆ. ಜೀನ್ ಟೆಸ್ಟ್ ಮಾಡಿಸಿ ಅದರ ಪ್ರಕಾರ ಡಯೆಟ್ ಮಾಡಲಾ?

ಉತ್ತರ: ಮೊದಲು ಮನೆಯವರಿಗೆ ಇದನ್ನು ಓದಿಸಿ. ಎಲ್‌ಡಿಎಲ್ ಏರಲು ನೀವು ಕದ್ದು ತಿನ್ನಬೇಕಾಗಿಯೇ ಇಲ್ಲ.

ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವುದು ಮುಖ್ಯವಾಗಿ ಲಿವರ್. ಅದಕ್ಕೆಂದೇ ಲಿವರ್ ಜೀವಕೋಶಗಳ ಮೇಲೆ ಕೊಕ್ಕೆಯಂಥ ರಿಸೆಪ್ಟರ್‌ಗಳಿವೆ. ಬೆಣ್ಣೆ, ಕೆನೆಯಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಈ ಕೊಕ್ಕೆಗಳು ಕಡಿಮೆಯಾಗುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಾ ಉಳಿಯುತ್ತದೆ. ಆದರೆ ಎಷ್ಟು ಉಳಿಯುತ್ತದೆ ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಉದಾಹರಣೆಗೆ ಎಪಿಒಇ ಅನ್ನುವ ಜೀನ್ ತೆಗೆದುಕೊಳ್ಳಿ. ಅದರಲ್ಲಿ ಇ2, ಇ3, ಇ4 ಅಂತ ಮೂರು ಮುಖ್ಯ ರೂಪಗಳು. ಅಮ್ಮನಿಂದ ಒಂದು, ಅಪ್ಪನಿಂದ ಒಂದು ಬರುತ್ತದೆ, ಹಾಗಾಗಿ ಅಕ್ಕನಿಗೆ ಬಂದ ಜೋಡಿಯೇ ನಿಮಗೂ ಬಂದಿರಬೇಕು ಅಂತಿಲ್ಲ. ಇ4 ಇರುವವರ ಎಲ್‌ಡಿಎಲ್ ಸರಾಸರಿ ಸ್ವಲ್ಪ ಜಾಸ್ತಿ, ಇ2 ಇರುವವರದ್ದು ಕಡಿಮೆ. ಇದು ಬರೀ ಒಂದು ಜೀನ್, ಇಂಥವು ನೂರಾರಿವೆ.

ತೂಕದ ಕಥೆಯೂ ಹೀಗೆಯೇ. ಕೆನಡಾದಲ್ಲಿ 12 ಜೋಡಿ ತದ್ರೂಪಿ ಅವಳಿಗಳಿಗೆ ವಾರಕ್ಕೆ 6 ದಿನ, ದಿನಕ್ಕೆ 1000 ಕ್ಯಾಲೊರಿ ಹೆಚ್ಚುವರಿ ತಿನ್ನಿಸಿದರು. 100 ದಿನ ಕಳೆದ ಮೇಲೆ ಒಬ್ಬರು 4 ಕೆಜಿ ಚಿಲ್ಲರೆ ಏರಿದ್ದರು, ಇನ್ನೊಬ್ಬರು 13 ಕೆಜಿ! ಆದರೆ ಜೀನ್ ಒಂದೇ ಇರುವ, ಒಂದೇ ಜೋಡಿಯ ಇಬ್ಬರೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಏರಿದ್ದರು. ಇದು ಪ್ರಕಟವಾಗಿದ್ದು 1990ರಲ್ಲಿ.

ಹಾಗಾದರೆ ಟೆಸ್ಟ್ ಮಾಡಿಸಿಬಿಡೋಣ ಅನ್ನಿಸುತ್ತದೆ, ಅಲ್ವಾ? ಸದ್ಯಕ್ಕೆ ಬೇಡ. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ 609 ಜನರನ್ನು ಒಂದು ವರ್ಷ ಕಡಿಮೆ ಕೊಬ್ಬು ಅಥವಾ ಕಡಿಮೆ ಕಾರ್ಬ್ (ಅನ್ನ, ಸಕ್ಕರೆಯಂಥದ್ದು ಕಡಿಮೆ ಇರುವ) ಊಟದ ಮೇಲಿಟ್ಟು ನೋಡಿದರು. ಜೀನ್ ನೋಡಿ ಯಾರಿಗೆ ಯಾವ ಊಟದಲ್ಲಿ ತೂಕ ಇಳಿಯುತ್ತದೆ ಅಂತ ಹೇಳುವುದಕ್ಕೆ ಆಗಲೇ ಇಲ್ಲ. ಸುಮ್ನೆ ಆ ದುಡ್ಡು ಯಾಕೆ? ನಿಮ್ಮ ರಕ್ತವೇ ಉತ್ತರ ಹೇಳುತ್ತದೆ. ಎರಡು ತಿಂಗಳು ಬೆಣ್ಣೆ, ಕೆನೆ ಬಿಟ್ಟು ಸೂರ್ಯಕಾಂತಿ ಅಥವಾ ಆಲಿವ್ ಎಣ್ಣೆ ಬಳಸಿ, ಕರಿದದ್ದು ಕಡಿಮೆ ಮಾಡಿ, ಅದೇ ಲ್ಯಾಬ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿಸಿ. ಜೊತೆಗೆ ಥೈರಾಯ್ಡ್ ಕೂಡ ನೋಡಿಸಿ, ಅದು ಕಡಿಮೆಯಿದ್ದರೂ ಎಲ್‌ಡಿಎಲ್ ಏರುತ್ತದೆ, ತುಂಬಾ ಜನ ಇದನ್ನು ಮರೆಯುತ್ತಾರೆ.

ಜೀನ್ ಟೆಸ್ಟ್ ನಿಜವಾಗಿಯೂ ಕೆಲಸಕ್ಕೆ ಬರುವುದು ಬೇರೆ ಕಡೆ. ಎಲ್‌ಡಿಎಲ್ 190 ದಾಟಿದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ದರೆ, ಆ ಕೊಕ್ಕೆಯ ಜೀನೇ ಕೆಟ್ಟಿರಬಹುದು. ಸುಮಾರು 250 ಜನರಲ್ಲಿ ಒಬ್ಬರಿಗೆ ಇಂಥ ಆನುವಂಶಿಕ ತೊಂದರೆ ಇರುತ್ತದೆ. ಅವರಿಗೆ ಊಟ ಬದಲಿಸಿದರಷ್ಟೇ ಸಾಲದು, ಮಾತ್ರೆ ಬೇಕೇ ಬೇಕು. ನಿಮ್ಮದು 164, ಅಷ್ಟಿಲ್ಲ. ಆದರೂ ಅಪ್ಪ ಅಮ್ಮನ ಹಳೇ ರಿಪೋರ್ಟ್ ಹುಡುಕಿ, ಡಾಕ್ಟರ ಹತ್ತಿರ ಹೋಗುವಾಗ ತೆಗೆದುಕೊಂಡು ಹೋಗಿ.