ನಿಮ್ಮ ಲೇಖನದ ನಾಲ್ಕನೇ ಪುಟ

ನಮಸ್ಕಾರ.

ನೀವು ಕಳಿಸಿದ ‘ಮಣ್ಣೊಳಗಿನ ಜೀವ, ಕೈಯೊಳಗಿನ ಕಲೆ’ ಓದಿದೆ. ಈ ರೂಪದಲ್ಲಿ ಹಾಕಿಕೊಳ್ಳಲಾರೆ. ಆದರೂ ಇಷ್ಟುದ್ದ ಬರೆಯುತ್ತಿರುವುದು ನಾಲ್ಕನೇ ಪುಟದ ಸಲುವಾಗಿ.

ಹುತ್ತ, ಎರೆಹುಳುವಿನ ಹಿಕ್ಕೆ, ಶಿಲೀಂಧ್ರದ ಎಳೆ, ಬೇರು ಇವನ್ನೆಲ್ಲ ಸೆರಾಮಿಕ್‌ನಲ್ಲಿ ಮೂಡಿಸುವ ಕಲಾವಿದೆಯೊಬ್ಬರು ನಿಮ್ಮ ವಿಷಯ. ಅವರು ಕಾಣಿಸಿಕೊಳ್ಳುವಷ್ಟರಲ್ಲಿ ಮೂರು ಪುಟ ಮುಗಿದಿರುತ್ತದೆ. ಅಲ್ಲಿಯವರೆಗೂ ಭೂತಾಯಿ, ಪಂಚಭೂತ, ಅಜ್ಜಿಯ ಮಡಕೆ ಸಾರು. ಸಾರು ರುಚಿಯಾಗಿಯೇ ಇದ್ದಿರಬೇಕು, ಇಲ್ಲಿ ಬೇಡ.

‘ಕೋಟಿ ಜೀವಿಗಳಿರುವ ಮೇಲ್ಮಣ್ಣೇ ಬಟ್ಟಲಾಗುತ್ತದೆ’ ಎಂದಿದ್ದೀರಿ. ಕುಂಬಾರರು ಕೇಳಿದರೆ ನಕ್ಕಾರು. ಬೇರು, ಹುಳು, ಗೊಬ್ಬರ ತುಂಬಿದ ಮೇಲ್ಪದರವನ್ನು ಕೆರೆದು ಬದಿಗೆ ಹಾಕಿ ಅಡಿಯ ಜೇಡಿ ತೆಗೆಯುತ್ತಾರೆ. ಅದನ್ನೂ ನೆನೆಹಾಕಿ, ಸೋಸಿ, ತುಳಿದು ಹದಕ್ಕೆ ತರಬೇಕು. ಜೀವದ ಮಾತೇ ಬೇಕಿದ್ದರೆ ಇಲ್ಲಿದೆ: ಒದ್ದೆ ಜೇಡಿಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ನಾರುತ್ತದೆ, ಹಾಗೆ ನಾತ ಹಿಡಿದ ಮಣ್ಣು ತಿಗರಿಯ ಮೇಲೆ ಇನ್ನೂ ಚೆನ್ನಾಗಿ ಬಳುಕುತ್ತದೆ. ನಿಮ್ಮಲ್ಲಿ ಮೊದಲ ಮಳೆಯ ಘಮ ಪುಟಪುಟಕ್ಕೂ ಇದೆ, ಈ ನಾತ ಎಲ್ಲೂ ಇಲ್ಲ.

ಒಡೆದ ಬಟ್ಟಲು ‘ಮರಳಿ ಮಣ್ಣಾಗುತ್ತದೆ’ ಎಂಬುದೂ ಸುಳ್ಳು. ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ದಾಟಿದರೆ ಜೇಡಿಯ ಕಣದೊಳಗೆ ಬೆಸೆದಿದ್ದ ನೀರೂ ಹೊರಟುಹೋಗಿರುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಮೆತ್ತಗಾಗದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ಸಿಕ್ಕ ಕಪ್ಪು-ಕೆಂಪು ಮಡಕೆಯ ಚೂರುಗಳು ಸುಮಾರು ಎರಡು ಸಾವಿರ ವರ್ಷ ನೆಲದೊಳಗಿದ್ದೂ ಚೂರುಗಳೇ.

ಈಗ ನಾಲ್ಕನೇ ಪುಟ. ಕಲಾವಿದೆ ಬೇರನ್ನು ಜೇಡಿಯ ರಾಡಿಯಲ್ಲಿ ಅದ್ದಿ ಸುಡುವ ಗೂಡಿಗಿಟ್ಟರು, ತೆಗೆದಾಗ ಬೇರಿದ್ದ ಜಾಗ ಟೊಳ್ಳಾಗಿತ್ತು ಎಂದು ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಯ್ಯೋ, ನಿಲ್ಲಬೇಕಾದದ್ದೇ ಅಲ್ಲಿ! ಮಣ್ಣಿನ ಜೀವವನ್ನು ತೋರಿಸಹೊರಟ ಕಲೆ ಆ ಜೀವವನ್ನು ಸುಡದೆ ಗಟ್ಟಿಯಾಗದು. ಇದಕ್ಕೆ ಕಲಾವಿದೆ ಏನನ್ನುತ್ತಾರೆ? ನೀವು ಕೇಳಿಯೇ ಇಲ್ಲ. ಕುಂಬಾರರು ಭತ್ತದ ಹೊಟ್ಟು, ಲದ್ದಿ ಬೆರೆಸುವುದನ್ನೂ ಇಲ್ಲಿಯೇ ತರಬಹುದಿತ್ತು. ಅವು ಉರಿದುಹೋದ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಹೂಜಿಯ ನೀರು ತಣ್ಣಗಿರುವುದು.

ಇನ್ನೊಮ್ಮೆ ಹೋಗಿ, ಸಾಧ್ಯವಾದರೆ ಗೂಡು ಬಿಚ್ಚುವ ದಿನವೇ. ಕಾವು ಎಷ್ಟಿತ್ತು, ಎಷ್ಟು ಒಡೆದವು, ಒಳಗೆ ಕರಿ ಉಳಿಯಿತೇ, ಬೇರು ಯಾವ ಗಿಡದ್ದು, ಎಲ್ಲ ಕೇಳಿ. ಮೊದಲ ಮೂರು ಪುಟ ಕಿತ್ತುಹಾಕಿ, ಸಾವಿರ ಪದಗಳೊಳಗೆ ಬರೆದು ಕಳಿಸಿ. ಫೋಟೊ ಒಡೆದದ್ದರದೂ ಇರಲಿ.

ಸಂಪಾದಕ